ಮೆಟ್ರಿಯ ಬಿಸಿಲು ಯಾರ ಹೊಟ್ಟೆಗೆ?

ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ಈ ಐದು ಹೆಸರನ್ನು ಇದೇ ಸಾಲಿನಲ್ಲಿ ಹೇಳಲು ಬಾರದ ಹತ್ತನೇ ತರಗತಿಯ ವಿದ್ಯಾರ್ಥಿ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ. ಪಟ್ಟಿ ಬಾಯಿಗೆ ಬರುತ್ತದೆ, ಚಿತ್ರ ಕೈಗೆ ಬರುತ್ತದೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಆ ಹೆಸರುಗಳ ನಡುವೆ ಎಳೆದ ಬಾಣ ಏನನ್ನು ಹೊತ್ತೊಯ್ಯುತ್ತಿದೆ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಅರ್ಧದಷ್ಟು ಮಕ್ಕಳು ಬಾಣವನ್ನು ತಿರುಗಿಸಿಯೇ ಬರೆದಿರುತ್ತಾರೆ. ಹಾವು ಕಪ್ಪೆಯನ್ನು ತಿನ್ನುತ್ತದೆ, ಆದ್ದರಿಂದ ಬಾಣ ಹಾವಿನಿಂದ ಕಪ್ಪೆಯ ಕಡೆಗೆ. ಮಾತಿನ ವ್ಯಾಕರಣಕ್ಕೆ ಅದು ಸರಿ. ಶಕ್ತಿಯ ಲೆಕ್ಕಕ್ಕೆ ಮಾತ್ರ ಪೂರ್ತಿ ತಲೆಕೆಳಗು.

ಇನ್ನೂ ಎರಡು ತಪ್ಪು ತಿಳಿವಳಿಕೆಗಳು ಇದಕ್ಕಿಂತ ಆಳದಲ್ಲಿವೆ. ಸರಪಳಿಯ ತುದಿಯಲ್ಲಿರುವ ಹದ್ದಿಗೋ ಚಿರತೆಗೋ ಕೆಳಗಿನವರೆಲ್ಲರ ಶಕ್ತಿ ಸೇರಿಸೇರಿ ಸಿಗುತ್ತದೆ, ಅದಕ್ಕೇ ಅವು ಬಲಶಾಲಿ ಎಂಬುದು ಒಂದು. ಸತ್ತ ಪ್ರಾಣಿ ಮಣ್ಣಿಗೆ ಸೇರಿ, ಮಣ್ಣಿನಿಂದ ಗಿಡಕ್ಕೆ ಶಕ್ತಿ ಹೋಗಿ, ಚಕ್ರ ಮತ್ತೆ ಶುರುವಾಗುತ್ತದೆ ಎಂಬುದು ಇನ್ನೊಂದು. ಸಾರಜನಕ, ರಂಜಕ, ಇಂಗಾಲ ಹಾಗೆ ತಿರುಗುತ್ತವೆ, ನಿಜ. ಶಕ್ತಿ ತಿರುಗುವುದಿಲ್ಲ. ಅದು ಒಮ್ಮೆ ಬರುತ್ತದೆ, ಕೈಬದಲಾಗುತ್ತ ಹೋಗುತ್ತದೆ, ಕೊನೆಗೆ ಬಿಸಿಯಾಗಿ ಹೊರಟುಹೋಗುತ್ತದೆ. ಮರುದಿನ ಸೂರ್ಯ ಮತ್ತೆ ಕೊಡದಿದ್ದರೆ ಅಂಗಡಿ ಬಂದ್.

ಇದನ್ನು ಹದಿಹರೆಯದವರಿಗೆ ಮನಗಾಣಿಸಲು ಆಫ್ರಿಕಾದ ಹುಲ್ಲುಗಾವಲಿನ ಚಿತ್ರಪಟ ಬೇಕಿಲ್ಲ. ಕಂಪ್ಲಿ ತಾಲ್ಲೂಕಿನ ಮೆಟ್ರಿಯಂಥ ಊರಿನಲ್ಲಿ ಕುಳಿತ ಶಿಕ್ಷಕರಿಗೆ ಸಿಗುವ ಪಾಠೋಪಕರಣ ದೇಶದ ಯಾವ ದೊಡ್ಡ ಶಾಲೆಯ ಪ್ರಯೋಗಾಲಯದಲ್ಲೂ ಇಲ್ಲ. ಒಂದು ಕಡೆ ಕಾಲುವೆ ನೀರಿನ ಭತ್ತದ ಬಯಲು. ಇನ್ನೊಂದು ಕಡೆ ಬಂಡೆಗಲ್ಲು, ಕುರುಚಲು, ಕರಡಿ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ ಇದೇ ಸೀಮೆಯದು. ಉತ್ತರಕ್ಕೆ ಹೋದರೆ ತುಂಗಭದ್ರೆ, ಅದರಲ್ಲಿ ನೀರುನಾಯಿ, ಮೊಸಳೆ. ದಕ್ಷಿಣಕ್ಕೆ ಸಂಡೂರಿನ ಅದಿರಿನ ಗುಡ್ಡಗಳು. ನಾಲ್ಕು ಬಗೆಯ ಪರಿಸರ ವ್ಯವಸ್ಥೆ, ನಾಲ್ಕು ಬಗೆಯ ಶಕ್ತಿಯ ಲೆಕ್ಕ. ಶಾಲೆಯ ಒಂದು ದಿನದ ಪ್ರವಾಸದಲ್ಲಿ ಇವಿಷ್ಟನ್ನೂ ಕಂಡು ಬರಬಹುದು.

ಲೆಕ್ಕವನ್ನು ಬಿಸಿಲಿನಿಂದಲೇ ಶುರುಮಾಡಬೇಕು. ಬಳ್ಳಾರಿ ಸೀಮೆಯಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಸರಾಸರಿ ಸುಮಾರು 5 ಯುನಿಟ್ ಶಕ್ತಿ ಬೀಳುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಯುನಿಟ್ ಎಂದರೆ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯುನಿಟ್, ಕಿಲೋವ್ಯಾಟ್-ಅವರ್. ಆಹಾರದ ಭಾಷೆಯಲ್ಲಿ ಹೇಳಿದರೆ 5 ಯುನಿಟ್ ಎಂದರೆ ಸುಮಾರು 4,300 ಕಿಲೋಕ್ಯಾಲೊರಿ. ದುಡಿಯುವ ದೊಡ್ಡವರೊಬ್ಬರಿಗೆ ದಿನಕ್ಕೆ ಬೇಕಾಗುವುದು ಸುಮಾರು 2,200. ಅಂದರೆ ಚಾಪೆಯಷ್ಟಗಲದ ಜಾಗದ ಮೇಲೆ ಬೀಳುವ ಬಿಸಿಲಿನಲ್ಲಿ ಇಬ್ಬರ ದಿನದ ಊಟಕ್ಕೆ ಸಾಲುವಷ್ಟು ಶಕ್ತಿ ಇದೆ! ಈ ಮಾತು ಹೇಳಿ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಹಾಗಿದ್ದರೆ ನಮ್ಮಪ್ಪ ಯಾಕೆ ಎಕರೆಗಟ್ಟಲೆ ಉಳಬೇಕು ಎಂಬ ಪ್ರಶ್ನೆ ರೈತರ ಮಕ್ಕಳಿಂದ ತಾನಾಗಿಯೇ ಬರುತ್ತದೆ.

ಉತ್ತರಕ್ಕೆ ಕಂಪ್ಲಿ ಬಯಲಿನ ಒಂದು ಎಕರೆ ಭತ್ತವನ್ನೇ ತೆಗೆದುಕೊಳ್ಳೋಣ. ಎಕರೆಗೆ 4,047 ಚದರ ಮೀಟರ್. ನಾಟಿಯಿಂದ ಕೊಯ್ಲಿನವರೆಗೆ 120 ದಿನ. ಗುಣಿಸಿದರೆ ಆ ಗದ್ದೆಯ ಮೇಲೆ ಬಿದ್ದ ಬಿಸಿಲು ಸುಮಾರು 209 ಕೋಟಿ ಕಿಲೋಕ್ಯಾಲೊರಿ. ಇಳುವರಿ 75 ಕಿಲೋದ 30 ಚೀಲ ಎಂದಿಟ್ಟುಕೊಂಡರೆ 2,250 ಕಿಲೋ ಭತ್ತ, ಮಿಲ್ಲಿನಿಂದ ಹೊರಬರುವುದು ಸುಮಾರು 1,500 ಕಿಲೋ ಅಕ್ಕಿ. ಅದರ ಶಕ್ತಿ ಐವತ್ತೆರಡೂವರೆ ಲಕ್ಷ ಕಿಲೋಕ್ಯಾಲೊರಿ. ಬಿದ್ದ ಬಿಸಿಲಿನ ನಾನೂರರಲ್ಲಿ ಒಂದು ಪಾಲು ಮಾತ್ರ ಅಕ್ಕಿಯಾಯಿತು. ನೆಲ್ಲುಹುಲ್ಲು, ತೌಡು, ಹೊಟ್ಟು, ಕೂಳೆ, ಬೇರು ಎಲ್ಲವನ್ನೂ ಸೇರಿಸಿದರೂ ಒಟ್ಟು ನೂರರಲ್ಲಿ ಒಂದರ ಆಸುಪಾಸು. ಹಸಿರು ಗಿಡಗಳು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಶೇ 1ರಷ್ಟನ್ನು ಹಿಡಿಯುತ್ತವೆ ಎಂದು ಪಠ್ಯದ ‘ನಮ್ಮ ಪರಿಸರ’ ಅಧ್ಯಾಯದಲ್ಲಿ ಒಂದು ಸಾಲಿದೆ. ಓದಿ ಮುಂದೆ ಹೋಗುವ ಸಾಲು ಅದು. ಅಪ್ಪನ ಗದ್ದೆಯ ಚೀಲದ ಲೆಕ್ಕದಿಂದ ಅದೇ ಸಂಖ್ಯೆ ಹೊರಬಂದರೆ ಹುಡುಗರು ಅದನ್ನು ಮರೆಯುವುದಿಲ್ಲ.

ಉಳಿದ ತೊಂಬತ್ತೊಂಬತ್ತು ಪಾಲಿಗೆ ಗಿಡವನ್ನು ದೂರಬೇಕಿಲ್ಲ. ಬಿಸಿಲಿನ ಅರ್ಧದಷ್ಟು ಭಾಗ ಎಲೆಗೆ ಉಪಯೋಗಕ್ಕೆ ಬಾರದ ಕಿರಣ. ಸಸಿ ಚಿಕ್ಕದಿದ್ದಾಗ ಬೆಳಕು ಎಲೆಗಿಂತ ನೀರಿನ ಮೇಲೆಯೇ ಹೆಚ್ಚು ಬೀಳುತ್ತದೆ. ಬಹುಪಾಲು ಶಕ್ತಿ ಗದ್ದೆಯ ನೀರನ್ನು ಆವಿಮಾಡಲು ವೆಚ್ಚವಾಗುತ್ತದೆ, ಭತ್ತದ ಬಯಲಿನ ತಂಪಿಗೆ ಅದೇ ಕಾರಣ. ಎಲೆ ಕಷ್ಟಪಟ್ಟು ಮಾಡಿದ ಸಕ್ಕರೆಯಲ್ಲೂ ಅರ್ಧದಷ್ಟನ್ನು ಗಿಡವೇ ತನ್ನ ಉಸಿರಾಟಕ್ಕೆ ಬಳಸಿಕೊಳ್ಳುತ್ತದೆ. ಗಿಡವೂ ಉಸಿರಾಡುತ್ತದೆ, ಹಗಲೂ ರಾತ್ರಿಯೂ ಉಸಿರಾಡುತ್ತದೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಗಿಡ ಹಗಲು ದ್ಯುತಿಸಂಶ್ಲೇಷಣೆ ಮಾಡುತ್ತದೆ, ರಾತ್ರಿ ಉಸಿರಾಡುತ್ತದೆ ಎಂಬ ನಂಬಿಕೆ ಪದವಿ ತರಗತಿಯವರೆಗೂ ಬಿಡದೆ ಬರುವಂಥದ್ದು.

ಯೂರಿಯಾದ ಪ್ರಶ್ನೆಯೂ ಇಲ್ಲೇ ಇತ್ಯರ್ಥವಾಗಬೇಕು. ಗೊಬ್ಬರ ಬೆಳೆಯ ಊಟ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಗೊಬ್ಬರದಿಂದ ಗಿಡಕ್ಕೆ ಸಿಗುವುದು ಕಟ್ಟಡದ ಸಾಮಗ್ರಿ, ಕಟ್ಟಲು ಬೇಕಾದ ಶಕ್ತಿಯಲ್ಲ. ಹದಿನೇಳನೆಯ ಶತಮಾನದಲ್ಲಿ ಯಾನ್ ವಾನ್ ಹೆಲ್ಮಾಂಟ್ ಎಂಬ ವೈದ್ಯ ತೂಕ ಮಾಡಿದ ಮಣ್ಣಿನಲ್ಲಿ ವಿಲೋ ಸಸಿಯೊಂದನ್ನು ನೆಟ್ಟು ಐದು ವರ್ಷ ಬರೀ ನೀರು ಹಾಕಿ ಬೆಳೆಸಿದ. ಮರ ಸುಮಾರು 74 ಕಿಲೋ ಹೆಚ್ಚಿತ್ತು, ಮಣ್ಣು ಕಡಿಮೆಯಾದದ್ದು ಅರವತ್ತು ಗ್ರಾಂ ಕೂಡ ಇರಲಿಲ್ಲ. ಮರದ ಮೈ ಬಹುಪಾಲು ಗಾಳಿಯ ಇಂಗಾಲದಿಂದ, ಬಿಸಿಲಿನ ಬಲದಿಂದ ಕಟ್ಟಿದ್ದು ಎಂಬುದು ಅವನಿಗೆ ಹೊಳೆಯಲಿಲ್ಲ. ಎಲ್ಲವೂ ನೀರೇ ಎಂದುಕೊಂಡ. ಆದರೆ ತಕ್ಕಡಿ ಹಿಡಿದು ಕೇಳಿದ ಅವನ ಪ್ರಶ್ನೆ ಇವತ್ತಿಗೂ ತರಗತಿಗೆ ಯೋಗ್ಯವಾದದ್ದು.

ಎಲೆ ಎಂಬ ಈ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಸಂಡೂರಿನ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಗೆ ತಡೆ ಹಾಕುವ ಹೊತ್ತಿಗೆ ಲಾರಿ ಓಡಾಡುವ ರಸ್ತೆಗಳ ಎರಡೂ ಬದಿಯ ಗಿಡಗಳು ಕೆಂಪಾಗಿ ನಿಂತಿದ್ದವು. ಧೂಳು ಬೆಳಕನ್ನು ತಡೆಯುತ್ತದೆ, ಎಲೆಯ ಉಸಿರುರಂಧ್ರಗಳನ್ನು ಕಟ್ಟುತ್ತದೆ. ಧೂಳು ಮೆತ್ತಿದ ಒಂದು ಎಲೆ, ಅದೇ ಗಿಡದಲ್ಲಿ ದಿನವೂ ತೊಳೆದು ಬಿಟ್ಟ ಇನ್ನೊಂದು ಎಲೆ, ಎರಡನ್ನೂ ಸಂಜೆ ಕಿತ್ತು ಪಿಷ್ಟದ ಪರೀಕ್ಷೆ ಮಾಡಿಸಬಹುದು. ಸ್ಪಿರಿಟ್ಟನ್ನು ನೇರ ಉರಿಗೆ ಇಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಎಲೆಯ ಹಸಿರು ತೆಗೆದು, ಅಯೋಡಿನ್ ಹಾಕಿ, ಯಾವುದು ಎಷ್ಟು ಕಡುನೀಲಿಯಾಗುತ್ತದೆ ನೋಡುವುದು. ಒಂದು ಕಾಡಿನ ಇಡೀ ಆಹಾರ ಜಾಲದ ಆದಾಯ ಆ ಬಣ್ಣದಲ್ಲಿದೆ.

ಎಲೆಯಿಂದ ಮುಂದಿನ ಹೆಜ್ಜೆ ಎಲೆ ತಿನ್ನುವವರದು. ಪ್ರತಿ ಹಂತದಿಂದ ಮುಂದಿನ ಹಂತಕ್ಕೆ ಶಕ್ತಿಯ ಹತ್ತರಲ್ಲೊಂದು ಪಾಲಷ್ಟೇ ದಾಟುತ್ತದೆ ಎಂದು ಪಠ್ಯ ಹೇಳುತ್ತದೆ. ಇಲ್ಲಿ ಪಾಠ ಬಹಳ ಸಲ ಎಡವುತ್ತದೆ. ಒಂದು ಬಕೆಟ್ ನೀರು, ಅದರ ಹತ್ತರಲ್ಲೊಂದು ಪಾಲು ಒಂದು ಚೊಂಬು, ಅದರಲ್ಲೊಂದು ಪಾಲು ಒಂದು ಲೋಟ ಎಂದು ಸುರಿದು ತೋರಿಸುವ ಚಟುವಟಿಕೆ ಜನಪ್ರಿಯ. ಮಕ್ಕಳು ಖುಷಿಯಿಂದ ಮಾಡುತ್ತಾರೆ. ಮುಗಿದ ಮೇಲೆ ಒಬ್ಬ ಕೇಳುತ್ತಾನೆ: “ಉಳಿದ ತೊಂಬತ್ತು ಎಲ್ಲಿಗೆ ಹೋತ್ರಿ ಸರ್?” ಇಡೀ ಅಧ್ಯಾಯದ ತಿರುಳು ಈ ಪ್ರಶ್ನೆಯಲ್ಲಿದೆ. ‘ನಷ್ಟವಾಯಿತು’ ಎಂದರೆ ಅದು ಉತ್ತರವಲ್ಲ. ಶಕ್ತಿ ನಾಶವಾಗುವುದಿಲ್ಲ ಎಂದು ಭೌತವಿಜ್ಞಾನದ ತರಗತಿಯಲ್ಲಿ ಹೇಳಿಕೊಟ್ಟವರೂ ನಾವೇ.

ಸ್ವಲ್ಪ ತಿನ್ನದೆಯೇ ಉಳಿಯುತ್ತದೆ, ಸ್ವಲ್ಪ ಜೀರ್ಣವಾಗದೆ ಸಗಣಿಯಾಗುತ್ತದೆ, ಇವೆರಡೂ ವಿಘಟಕರ ಪಾಲು. ಜೀರ್ಣವಾದದ್ದರಲ್ಲಿ ಬಹುಪಾಲು ಬದುಕುವುದಕ್ಕೇ ಉರಿದು ಬಿಸಿಯಾಗುತ್ತದೆ. ಸುಮ್ಮನೆ ಕುಳಿತ ಮನುಷ್ಯನೊಬ್ಬ ಹಳೆಯ ನೂರು ವ್ಯಾಟಿನ ಬಲ್ಬಿನಷ್ಟು ಬಿಸಿ ಬಿಡುತ್ತಾನೆ. ನಲವತ್ತು ಮಕ್ಕಳಿರುವ ಕೋಣೆಯಲ್ಲಿ ಸುಮಾರು ನಾಲ್ಕು ಸಾವಿರ ವ್ಯಾಟ್. ಬಾಗಿಲು ಹಾಕಿದ ತರಗತಿ ಮಧ್ಯಾಹ್ನದ ಬಿಸಿಯೂಟದ ನಂತರ ಯಾಕೆ ಸೆಕೆಯಾಗುತ್ತದೆ ಎಂದು ಕೇಳಿ, ಉಷ್ಣಮಾಪಕವನ್ನು ಗೋಡೆಗೆ ತೂಗುಹಾಕಿ. ಉಂಡ ಅನ್ನದ ಬಿಸಿಲು ಕೋಣೆಯ ಗಾಳಿಗೆ ಸೇರುತ್ತಿದೆ, ಅಲ್ಲಿಂದ ಆಕಾಶಕ್ಕೆ. ಅದನ್ನು ಮತ್ತೆ ಹಿಡಿದು ಭತ್ತ ಮಾಡುವ ಗಿಡ ಭೂಮಿಯ ಮೇಲಿಲ್ಲ.

ಇದನ್ನು ತಕ್ಕಡಿಯಲ್ಲಿ ತೋರಿಸಲು ಔಡಲ ಗಿಡದ ಹುಳುಗಳು ಸಾಕು. ಹತ್ತು ಹದಿನೈದು ಹುಳುಗಳನ್ನು ತೂಗಿ, ಗಾಳಿಯಾಡುವ ಡಬ್ಬಿಯಲ್ಲಿಟ್ಟು, ತೂಗಿದ ಔಡಲದ ಎಲೆ ಹಾಕಬೇಕು. ಪಕ್ಕದಲ್ಲಿ ಹುಳುವಿಲ್ಲದ ಡಬ್ಬಿಯಲ್ಲಿ ಅಷ್ಟೇ ಎಲೆ, ಒಣಗಿ ಕಡಿಮೆಯಾಗುವ ತೂಕವನ್ನು ಕಳೆಯಲಿಕ್ಕೆ. ಮೂರು ದಿನದ ನಂತರ ಉಳಿದ ಎಲೆ, ಹಿಕ್ಕೆ, ಹುಳು, ಮೂರನ್ನೂ ಬೇರೆಬೇರೆ ತೂಗಿದರೆ ಲೆಕ್ಕ ಕೂಡುವುದಿಲ್ಲ. ತಿಂದದ್ದಕ್ಕಿಂತ ಹಿಕ್ಕೆ ಮತ್ತು ಬೆಳವಣಿಗೆ ಸೇರಿ ಕಡಿಮೆ. ಕಾಣೆಯಾದದ್ದು ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಹೋಗಿದೆ, ಅದರ ಜೊತೆಗೆ ಬಿಸಿಯೂ. ಚಿನ್ನದಂಗಡಿಯ ತಕ್ಕಡಿಯಷ್ಟು ಸೂಕ್ಷ್ಮವಾದದ್ದು ಸಿಕ್ಕರೆ ಒಳ್ಳೆಯದು, ಈಗ ಪುಟ್ಟ ಡಿಜಿಟಲ್ ತಕ್ಕಡಿಗಳು ದುಬಾರಿಯೂ ಅಲ್ಲ. ಹುಳುವಿನ ಹಿಕ್ಕೆ ತೂಗುವುದೆಂದರೆ ಹುಡುಗರು ಮೊದಲು ಮೂಗು ಮುರಿಯುತ್ತಾರೆ. ತಕ್ಕಡಿಯ ಅಂಕಿ ಕಂಡ ಮೇಲೆ ಡಬ್ಬಿ ಬಿಟ್ಟು ಕದಲುವುದಿಲ್ಲ.

ಹತ್ತು ಶೇಕಡಾ ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದೂ ಮಕ್ಕಳಿಗೆ ತಿಳಿಯಬೇಕು. ಅಮೆರಿಕದ ಮಿನೆಸೋಟದಲ್ಲಿ ಸೀಡರ್ ಬಾಗ್ ಎಂಬ ಪುಟ್ಟ, ಆಳವಿಲ್ಲದ ಕೆರೆಯನ್ನು ರೇಮಂಡ್ ಲಿಂಡ್‌ಮನ್ ಎಂಬ ತರುಣ ವರ್ಷಗಟ್ಟಲೆ ಅಧ್ಯಯನ ಮಾಡಿದ. ಯಾರು ಯಾರನ್ನು ತಿನ್ನುತ್ತಾರೆ ಎಂಬ ಚಿತ್ರವನ್ನು ಚಾರ್ಲ್ಸ್ ಎಲ್ಟನ್ 1927ರ ತನ್ನ ಪುಸ್ತಕದಲ್ಲಿ ಅದಾಗಲೇ ಕೊಟ್ಟಿದ್ದ. ಲಿಂಡ್‌ಮನ್ ಆ ಚಿತ್ರಕ್ಕೆ ಕ್ಯಾಲೊರಿಯ ಅಂಕಿ ತುಂಬಿದ. ಅವನ ಲೇಖನವನ್ನು ಪರಿಶೀಲಕರು ಮೊದಲು ತಿರಸ್ಕರಿಸಿದರು. ಗುರು ಹಚಿನ್ಸನ್ ಪಟ್ಟುಹಿಡಿದ ಮೇಲೆ ಅದು 1942ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಲಿಂಡ್‌ಮನ್ ತೀರಿಕೊಂಡಿದ್ದ, ವಯಸ್ಸು 26. ಆ ಲೇಖನದಲ್ಲಿ ‘ಹತ್ತರ ನಿಯಮ’ ಇಲ್ಲ. ಅವನ ಕೆರೆಯಲ್ಲಿ ಸಸ್ಯಗಳು ಬಿಸಿಲಿನಲ್ಲಿ ಹಿಡಿದದ್ದು ಶೇ 0.10, ಸಸ್ಯಾಹಾರಿಗಳ ಹಂತದಲ್ಲಿ ದಾಟಿದ್ದು ಶೇ 13.3, ಅದರ ಮೇಲಿನ ಹಂತದಲ್ಲಿ ಶೇ 22.3. ಆಮೇಲೆ ಬೇರೆಬೇರೆ ಜಾಗಗಳ ಅಳತೆಗಳು ಸೇರಿ, ಸರಾಸರಿಗೆ ಹತ್ತಿರದ ಒಂದು ಅಂಕಿಯಾಗಿ ಹತ್ತು ನಿಂತಿತು. ಪಠ್ಯಪುಸ್ತಕಗಳಲ್ಲಿ ಅದು ನಿಯಮವಾಗಿ ಗಟ್ಟಿಯಾಗಿದೆ. ನನ್ನ ಮಟ್ಟಿಗೆ ಇದು ಚಿಕ್ಕ ತಪ್ಪಲ್ಲ. ಹತ್ತು ಎಂದು ಕಂಠಪಾಠ ಮಾಡಿದವರು ಯಾಕೆ ಹತ್ತು, ಯಾಕೆ ಎರಡಲ್ಲ, ಯಾಕೆ ಇಪ್ಪತ್ತಲ್ಲ ಎಂದು ಕೇಳುವುದನ್ನೇ ಬಿಡುತ್ತಾರೆ.

ಆ ಪ್ರಶ್ನೆಗೆ ಉತ್ತರ ಕಂಪ್ಲಿಯ ಸೇತುವೆಯ ಕೆಳಗೆ ಹರಿಯುತ್ತಿದೆ. ಹೊಸಪೇಟೆ ಬಳಿಯ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಸರ್ಕಾರ ಘೋಷಿಸಿತು. ದೇಶದಲ್ಲೇ ಈ ಬಗೆಯ ಮೊದಲನೆಯದು. ಇದೇ ನೀರಿನಲ್ಲಿ ಮೊಸಳೆಗಳೂ ಇವೆ. ಇಬ್ಬರೂ ತಿನ್ನುವುದು ಮುಖ್ಯವಾಗಿ ಮೀನು. ಪುಸ್ತಕದ ಚಿತ್ರದಲ್ಲಾದರೆ ಇಬ್ಬರನ್ನೂ ಒಂದೇ ಮೆಟ್ಟಿಲಲ್ಲಿ ಕೂರಿಸಿ ಮುಗಿಸುತ್ತಾರೆ.

ನೀರುನಾಯಿಯ ತೂಕ ಏಳರಿಂದ ಹನ್ನೊಂದು ಕಿಲೋ. ಅದಕ್ಕೆ ದಿನಕ್ಕೆ ಸುಮಾರು ಒಂದು ಕಿಲೋ ಮೀನು ಬೇಕು. ತಣ್ಣೀರಿನಲ್ಲಿ ಮೈ ಬಿಸಿಯಾಗಿಟ್ಟುಕೊಂಡು, ದಿನವಿಡೀ ಈಜಿ, ಆಡಿ, ಮರಿ ಸಾಕುವ ಪ್ರಾಣಿ ಅದು. ವರ್ಷಕ್ಕೆ 365 ಕಿಲೋ ಮೀನು ತಿಂದ ಬೆಳೆದ ನೀರುನಾಯಿಯ ತೂಕ ವರ್ಷದ ಕೊನೆಗೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ತಿಂದದ್ದರಲ್ಲಿ ಬಹುಪಾಲು ಬಿಸಿಯಾಗಿ ಹೊಳೆಗೂ ಗಾಳಿಗೂ ಹೋಯಿತು. ಮೊಸಳೆ ಹಾಗಲ್ಲ. ಅದರ ಮೈಬಿಸಿ ಬಂಡೆಯ ಮೇಲಿನ ಬಿಸಿಲಿನಿಂದ ಪುಕ್ಕಟೆ ಬರುತ್ತದೆ. ಅಷ್ಟೇ ತೂಕದ ಬಿಸಿರಕ್ತದ ಪ್ರಾಣಿಗೆ ಬೇಕಾದ ಆಹಾರದ ಸುಮಾರು ಹತ್ತನೇ ಒಂದು ಪಾಲಿನಲ್ಲಿ ಅದು ಬದುಕುತ್ತದೆ, ಬೇಕಾದರೆ ತಿಂಗಳುಗಟ್ಟಲೆ ಉಪವಾಸವೂ ಇರುತ್ತದೆ. ಹೊಸಪೇಟೆಯ ಹುಡುಗರು ಮೊಸಳೆಯನ್ನು ಸೋಮಾರಿ ಎನ್ನುತ್ತಾರೆ. ಆ ಸೋಮಾರಿತನ ಕೋಟ್ಯಂತರ ವರ್ಷ ನಡೆದುಬಂದ ಮಿತವ್ಯಯ. ಕೀಟಗಳು, ಮೀನುಗಳು, ಹಾವುಗಳು ಉಂಡದ್ದರಲ್ಲಿ ದೊಡ್ಡ ಪಾಲನ್ನು ಮೈಗೆ ಹಚ್ಚಿಕೊಳ್ಳುತ್ತವೆ. ಹಕ್ಕಿ ಮತ್ತು ಸಸ್ತನಿಗಳು ಅರಗಿಸಿಕೊಂಡದ್ದರಲ್ಲಿ ಬರೀ ಎರಡು ಮೂರು ಶೇಕಡಾ ಮೈಗೆ ಸೇರಿಸಿ ಉಳಿದದ್ದನ್ನು ಉರಿಸುತ್ತವೆ. ಹತ್ತು ಎಂಬುದು ಇವೆರಡರ ನಡುವೆ ಎಲ್ಲೋ ಇರುವ ಅಂದಾಜು.

ಇಷ್ಟು ತಿಳಿದ ಮೇಲೆ ಹೊಳೆಯಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಏನು ಮಾಡುತ್ತದೆ ಎಂಬುದನ್ನು ಹುಡುಗರೇ ಹೇಳುತ್ತಾರೆ. ಮೀನು ಅರ್ಧಕ್ಕಿಳಿದರೆ ಮೊಸಳೆ ಕಾಯಬಲ್ಲದು. ನೀರುನಾಯಿಗೆ ಕಾಯುವ ಸೌಲಭ್ಯವಿಲ್ಲ. ಅದು ಹೊಳೆಯಲ್ಲಿ ಇದೆ ಎಂದರೆ ಕೆಳಗಿನ ಹಂತಗಳೆಲ್ಲ ಇನ್ನೂ ತುಂಬಿವೆ ಎಂದೇ ಅರ್ಥ.

ಚಿರತೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು, ಯಾಕೆಂದರೆ ಅದು ಊರಿನ ಭಯಕ್ಕೆ ಸಂಬಂಧಿಸಿದ್ದು. ಕ್ರಿಸ್ ಕಾರ್ಬೋನ್ ಮತ್ತು ಜಾನ್ ಗಿಟಲ್‌ಮನ್ 2002ರಲ್ಲಿ ತೀರ ಚಿಕ್ಕವರಿಂದ ಹಿಡಿದು ತೀರ ದೊಡ್ಡವರವರೆಗೆ ಮಾಂಸಾಹಾರಿಗಳ ಲೆಕ್ಕ ಹಾಕಿ ಕಂಡುಕೊಂಡ ಸಂಗತಿ ಇದು: 10,000 ಕಿಲೋ ಬೇಟೆಪ್ರಾಣಿ ಇದ್ದಲ್ಲಿ ಸುಮಾರು 90 ಕಿಲೋ ಮಾಂಸಾಹಾರಿ ಬದುಕಬಲ್ಲದು. ಐವತ್ತು ಕಿಲೋದ ಒಂದು ಚಿರತೆಗೆ ಹಾಗಾದರೆ ಐದೂವರೆ ಸಾವಿರ ಕಿಲೋ ಬೇಟೆ ಆ ಸೀಮೆಯಲ್ಲಿ ಜೀವಂತ ಓಡಾಡುತ್ತಿರಬೇಕು. 25 ಕಿಲೋದ ಬಳ್ಳಾರಿ ಕುರಿಯ ಲೆಕ್ಕದಲ್ಲಿ ಇನ್ನೂರಕ್ಕೂ ಮೇಲ್ಪಟ್ಟ ಕುರಿಗಳ ಹಿಂಡು. ಅಷ್ಟೂ ಕುರಿಗಳನ್ನು ಅದು ತಿನ್ನುತ್ತದೆ ಎಂದಲ್ಲ. ಅಷ್ಟರ ಮರಿಗಳಲ್ಲಿ, ಮುದಿಯಾದವುಗಳಲ್ಲಿ, ನಿತ್ರಾಣವಾದವುಗಳಲ್ಲಿ ಅದರ ಊಟ ಹುಟ್ಟಬೇಕು. ಬಂಡೆಗುಡ್ಡದ ಕುರುಚಲಿನಲ್ಲಿ ಮೊಲ, ನವಿಲು, ಕಾಡುಹಂದಿ ಎಲ್ಲ ಸೇರಿ ಅಷ್ಟು ತೂಕ ಕೂಡುತ್ತದೆಯೇ? ಕೂಡದಿದ್ದರೆ ಕೊರತೆ ತುಂಬುವವರು ಯಾರು? ರಾತ್ರಿ ಹಟ್ಟಿಯ ಕಡೆ ಬರುವ ಚಿರತೆಯನ್ನು ಮಕ್ಕಳು ಈ ಪ್ರಶ್ನೆಯ ಮೂಲಕ ನೋಡಲು ಕಲಿತರೆ ಭಯ ಹೋಗದಿರಬಹುದು, ಹೋಗಬೇಕಾಗಿಯೂ ಇಲ್ಲ. ಆದರೆ ಅದು ಯಾಕೆ ಬರುತ್ತದೆ ಎಂಬುದಕ್ಕೆ ಒಂದು ಲೆಕ್ಕ ಸಿಗುತ್ತದೆ.

ಇಲ್ಲಿ ಕುರಿಗಾಹಿಗಳ ಪರವಾಗಿ ಒಂದು ಮಾತು ಹೇಳಲೇಬೇಕು. ಶಕ್ತಿಯ ಪಿರಮಿಡ್ಡನ್ನು ಬಳಸಿ ಮಾಂಸ ತಿನ್ನುವುದು ದುಂದು ಎಂದು ಪಾಠ ಮುಗಿಸುವ ರೂಢಿ ಬಂದಿದೆ. ಮೇಲಿನ ಎಕರೆ ಅಕ್ಕಿ ಆರು ಜನರಿಗೆ ವರ್ಷಪೂರ್ತಿ ಸಾಲುತ್ತದೆ. ಅದನ್ನೇ ಕೋಳಿಗೆ ಹಾಕಿ ಬರೀ ಕೋಳಿಯನ್ನೇ ತಿಂದರೆ ಒಬ್ಬರಿಗೂ ಸಾಲದು. ಈ ಲೆಕ್ಕ ಸರಿ. ಆದರೆ ಮೆಟ್ರಿಯ ಸುತ್ತಿನ ಕುರಿ ಅಕ್ಕಿ ತಿನ್ನುವುದಿಲ್ಲ. ಅದು ತಿನ್ನುವುದು ಬಂಡೆಯ ಸಂದಿನ ಹುಲ್ಲು, ಕೊಯ್ಲಾದ ಹೊಲದ ಕೂಳೆ, ಜಾಲಿಯ ಕಾಯಿ. ಮನುಷ್ಯನ ಕರುಳಿಗೆ ಅವು ಮರದ ಪುಡಿಯಷ್ಟೇ ನಿರುಪಯೋಗಿ. ಕುರಿಯ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ನಾರನ್ನು ಒಡೆದು, ಉಳುಮೆಗೆ ಬಾರದ ನೆಲದ ಬಿಸಿಲನ್ನು ಹಾಲು, ಮಾಂಸ, ಕಂಬಳಿಯಾಗಿಸುತ್ತವೆ. ಹತ್ತರಲ್ಲಿ ಒಂಬತ್ತು ಪಾಲು ಹೋದರೂ ಉಳಿದ ಒಂದು ಪಾಲು ಬೇರೆ ಯಾವ ದಾರಿಯಲ್ಲೂ ನಮಗೆ ಸಿಗದಂಥದ್ದು. ರೈತರು ಕರೆದು ಹೊಲದಲ್ಲಿ ಕುರಿ ತರುಬಿಸುವುದನ್ನು ಮಕ್ಕಳು ವರ್ಷವೂ ನೋಡುತ್ತಾರೆ. ಆ ಹಿಕ್ಕೆಯಲ್ಲಿ ಸಾರಜನಕ ಹೊಲಕ್ಕೆ ಹಿಂತಿರುಗುತ್ತದೆ. ಕುರಿ ಉರಿಸಿದ ಬಿಸಿಲು ಹಿಂತಿರುಗುವುದಿಲ್ಲ. ವಸ್ತು ತಿರುಗುತ್ತದೆ, ಶಕ್ತಿ ಸಾಗಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಪುಸ್ತಕದ ಸರಪಳಿ ಕೈಬಿಡುವ ದೊಡ್ಡ ಸಂಗತಿ ಗೆದ್ದಲು. ನೆಲದ ಮೇಲಿನ ಹೆಚ್ಚಿನ ಕಾಡುಗಳಲ್ಲಿ ಹಸಿರೆಲೆ ತಿನ್ನುವವರಿಗೆ ಸಿಗುವುದು ಸಸ್ಯಗಳ ಬೆಳವಣಿಗೆಯ ಚಿಕ್ಕ ಪಾಲು. ಬಹುಪಾಲು ಹಾಗೇ ಒಣಗಿ ಉದುರುತ್ತದೆ. ಆ ದಾರಿಯಲ್ಲಿ ಹೋಗುವ ಶಕ್ತಿಗೆ ಚಿತ್ರದಲ್ಲಿ ಜಾಗವೇ ಇಲ್ಲ, ಕೊನೆಯ ಮೂಲೆಯಲ್ಲಿ ‘ವಿಘಟಕರು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಒಣನೆಲದ ನಮ್ಮ ಸೀಮೆಯಲ್ಲಿ ಅದೇ ಹೆದ್ದಾರಿ. ಹುತ್ತ ಕಟ್ಟುವ ಗೆದ್ದಲು ಒಣ ಹುಲ್ಲು, ಕಡ್ಡಿ, ಸಗಣಿಯನ್ನು ಒಳಗೆ ಒಯ್ದು, ಅದರ ಮೇಲೆ ಶಿಲೀಂಧ್ರ ಬೆಳೆಸುತ್ತದೆ. ನಾರನ್ನು ಮೆದು ಮಾಡುವ ಕೆಲಸ ಶಿಲೀಂಧ್ರದ್ದು, ಉಣ್ಣುವ ಕೆಲಸ ಗೆದ್ದಲಿನದು. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಅದೇ ತೋಟದ ಹೂವು.

ಮೊದಲ ದೊಡ್ಡ ಮಳೆಯ ಸಂಜೆ ಹುತ್ತದಿಂದ ರೆಕ್ಕೆಹುಳು ಏಳುತ್ತವೆ. ಶಾಲೆ ತೆರೆಯುವ ಹೊತ್ತಿಗೇ ಇದು ನಡೆಯುವುದು ಶಿಕ್ಷಕರ ಪುಣ್ಯ. ಬೀದಿದೀಪದ ಕೆಳಗೆ ಹಲ್ಲಿ, ಕಪ್ಪೆ, ಗೂಬೆ, ಬೆಕ್ಕು, ಬೆಳಿಗ್ಗೆ ಕಾಗೆ, ಗೊರವಂಕ, ಮನೆಯ ಕೋಳಿ, ಇರುವೆ. ಯಾರ್‍ಯಾರು ಬಂದು ತಿಂದರು ಎಂದು ಮಕ್ಕಳು ತಮ್ಮ ಓಣಿಯಲ್ಲೇ ಪಟ್ಟಿ ಮಾಡಿ ತಂದರೆ ಅದು ಅವರದೇ ಆಹಾರ ಜಾಲ. ಕೊಬ್ಬು ತುಂಬಿದ ಆ ಹುಳುಗಳಲ್ಲಿರುವುದು ಹಿಂದಿನ ವರ್ಷದ ಒಣಹುಲ್ಲಿನ ಬಿಸಿಲು. ಬಾಣಗಳನ್ನು ಒಣ ಕಡ್ಡಿಯಿಂದ ಶುರುಮಾಡಿ ಬರೆಸಬೇಕು.

ದರೋಜಿಯ ಕರಡಿ ನಿಂತಿರುವುದು ಈ ಹೆದ್ದಾರಿಯ ಮೇಲೆ. ನೂರು ಕಿಲೋ ಮೀರುವ ಪ್ರಾಣಿಯೊಂದು ಇಂಥ ಬರಡು ಗುಡ್ಡದಲ್ಲಿ ಹೇಗೆ ಬದುಕುತ್ತದೆ? ಚಿರತೆಯ ಲೆಕ್ಕ ಹಾಕಿದರೆ ಅದು ಅಸಾಧ್ಯ. ಕರಡಿ ಬೇಟೆಯ ಮೆಟ್ಟಿಲು ಹತ್ತುವುದೇ ಇಲ್ಲ. ಗೆದ್ದಲು, ಇರುವೆ, ಮತ್ತೆ ಬಾರಿ, ಕಾರಿ, ಕವಳಿ, ಸೀತಾಫಲದ ಹಣ್ಣು. ಅದರ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇರುವುದಿಲ್ಲ, ಆ ಸಂದಿಯಿಂದ ಹುತ್ತದೊಳಗಿನ ಗೆದ್ದಲನ್ನು ಎಳೆದು ಹೀರುತ್ತದೆ. ಉದ್ದ ಉಗುರು ಹುತ್ತ ಒಡೆಯಲಿಕ್ಕೆ. ತಣ್ಣನೆ ರಕ್ತದ, ಮಿತವ್ಯಯದ ಕೀಟಗಳು ಒಂದೇ ಕಡೆ ಲಕ್ಷಗಟ್ಟಲೆ ಸಿಗುವುದರಿಂದ ದೊಡ್ಡ ಮೈಗೂ ಊಟ ಹೊಂದುತ್ತದೆ. ಆ ಕಾಡಿನ ಅತಿ ಭಾರದ ಪ್ರಾಣಿಗಳಲ್ಲೊಂದು ಸರಪಳಿಯ ಕೆಳಗಿನ ಕೊಂಡಿಗಳಿಗೇ ಬಾಯಿಟ್ಟು ಬದುಕುವುದನ್ನು ಕಂಡಾಗ, ಮೇಲೆ ಹೋದಷ್ಟೂ ಶಕ್ತಿ ಹೆಚ್ಚು ಎಂಬ ನಂಬಿಕೆ ಮಕ್ಕಳ ಮನಸ್ಸಿನಿಂದ ತಾನಾಗಿಯೇ ಜಾರುತ್ತದೆ.

ಕರಡಿಧಾಮದಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುವ ಪದ್ಧತಿ ಬಹುಕಾಲದಿಂದ ಇದೆ. ಸಂಜೆ ಕರಡಿಗಳು ನೆಕ್ಕಲು ಬರುತ್ತವೆ, ವೀಕ್ಷಣಾ ಗೋಪುರದಿಂದ ಜನ ನೋಡುತ್ತಾರೆ. ಅಷ್ಟು ಹತ್ತಿರದಿಂದ ಕಾಡುಕರಡಿ ಕಂಡ ಮಗು ಅದನ್ನು ಜೀವಮಾನವಿಡೀ ಮರೆಯದು, ಅದರ ಬೆಲೆ ದೊಡ್ಡದು. ಆದರೂ ಗೋಪುರದಿಂದ ಇಳಿದ ಮೇಲೆ ಮಕ್ಕಳ ಕೈಯಲ್ಲಿ ಒಂದು ಕಾಗದ ಇರಬೇಕು. ಒಂದು ಕಿಲೋ ಬೆಲ್ಲದಲ್ಲಿ ಸುಮಾರು 3,800 ಕಿಲೋಕ್ಯಾಲೊರಿ, ದೊಡ್ಡವರೊಬ್ಬರ ಒಂದೂಮುಕ್ಕಾಲು ದಿನದ ಊಟ. ಅದು ಈ ಗುಡ್ಡದ ಬಿಸಿಲಲ್ಲ. ಬೇರೆ ಯಾವುದೋ ನೀರಾವರಿ ಹೊಲದ ಕಬ್ಬು ಹಿಡಿದ ಬಿಸಿಲು, ಲಾರಿಯಲ್ಲಿ ಬಂದದ್ದು. ಒಂದು ಪರಿಸರ ವ್ಯವಸ್ಥೆಯ ಲೆಕ್ಕಕ್ಕೆ ಹೊರಗಿನ ಜಮೆ ಬಿದ್ದಾಗ ಅದರ ಆಧಾರದ ಮೇಲೆ ಎಷ್ಟು ಕರಡಿಗಳು ಬದುಕುತ್ತಿವೆ, ಜಮೆ ನಿಂತರೆ ಅವು ಎಲ್ಲಿಗೆ ಹೋಗುತ್ತವೆ ಎಂದು ಕೇಳಲೇಬೇಕಾಗುತ್ತದೆ. ನನ್ನ ಅಭಿಪ್ರಾಯ ಹಣ್ಣಿನ ಗಿಡಗಳ ಪರ. ಮಕ್ಕಳ ಅಭಿಪ್ರಾಯ ಬೇರೆ ಇರಬಹುದು, ಲೆಕ್ಕ ತೋರಿಸಿ ವಾದಿಸಲಿ.

ಅದೇ ಕಾಗದದ ಕೆಳಗೆ ಹನ್ನೆರಡು ತಿಂಗಳ ಹೆಸರು ಬರೆದು, ಬಾರಿ ಯಾವಾಗ, ಕವಳಿ ಯಾವಾಗ, ಕಾರಿ ಯಾವಾಗ ಹಣ್ಣಾಗುತ್ತದೆ, ಹುತ್ತ ಯಾವಾಗ ಒಡೆಯಲು ಮೆದುವಾಗಿರುತ್ತದೆ ಎಂದು ಊರಿನ ಕುರಿಗಾಹಿಗಳನ್ನು ಕೇಳಿ ತುಂಬಿಸಬಹುದು. ಪಕ್ಕದಲ್ಲಿ ಇನ್ನೊಂದು ಸಾಲು: ಹೊಲಕ್ಕೆ ಕರಡಿ ಇಳಿದದ್ದು ಯಾವ ತಿಂಗಳು, ಆಗ ಅಲ್ಲಿ ಮೆಕ್ಕೆಜೋಳವಿತ್ತೋ ಶೇಂಗಾ ಇತ್ತೋ. ಮೊದಲ ಸಾಲಿನ ಖಾಲಿ ತಿಂಗಳುಗಳೂ ಎರಡನೆಯ ಸಾಲಿನ ತುಂಬಿದ ತಿಂಗಳುಗಳೂ ಒಂದೇ ಆಗಿವೆಯೇ ಎಂದು ಮೆಟ್ರಿಯ ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳು ಒಂದು ವರ್ಷ ಕುಳಿತು ನೋಡಿದರೆ, ಅರಣ್ಯ ಇಲಾಖೆಯೂ ಓದಬೇಕಾದ ಕಾಗದ ಅದಾಗುತ್ತದೆ.